ಅಪ್‌ಡೇಟ್: ಅಡಿಕೆ ದರ ಹಳೆಯದಕ್ಕೆ ಮರಳುತ್ತಿದ್ದ ಸಮಸ್ಯೆ ಬಗೆಹರಿಯಿತು

ಶಿರಸಿಯ ಅಡಿಕೆ ವಖಾರಿಯ ಲಾಟ್ ಫೈಲ್ ಬಗ್ಗೆ ಕೇಳಿದ್ದೆ ಅಲ್ವಾ, ರಾಶಿ ಲಾಟಿಗೆ ಹೊಸ ದರ ಹಾಕಿದ ಮೇಲೂ ಸ್ವಲ್ಪ ಹೊತ್ತಿಗೆ ಹಳೇ ದರವೇ ಬರುತ್ತಿತ್ತು. ಈಗ ಸರಿಯಾಗಿದೆ, ಎಲ್ಲರಿಗೂ ಥ್ಯಾಂಕ್ಸ್.

ಆದದ್ದು ಇಷ್ಟು. ತೂಕದ ಪ್ರೋಗ್ರಾಂ ಓ_ಡೈರೆಕ್ಟ್‌ನಲ್ಲಿ, ಅಂದರೆ ಮೆಮೊರಿಯಲ್ಲಿರುವ ಫೈಲಿನ ಪ್ರತಿಯನ್ನು (ಪೇಜ್ ಕ್ಯಾಶ್) ಬಳಸದೆ, ನೇರವಾಗಿ ಡಿಸ್ಕಿಗೆ ಬರೆಯುತ್ತದೆ. ನಮ್ಮ ಬಿಲ್ ಪ್ರೋಗ್ರಾಂ ಅದೇ ಫೈಲನ್ನು ಎಮ್‌ಮ್ಯಾಪ್ ಮಾಡಿ, ಅಂದರೆ ಮೆಮೊರಿಯಲ್ಲಿರುವ ಆ ಪ್ರತಿಯಲ್ಲೇ, 'ಪ್ರಿಂಟ್ ಆಯಿತು' ಅಂತ ಒಂದೇ ಒಂದು ಬೈಟ್ ಬದಲಿಸುತ್ತಿತ್ತು. ಆದರೆ ಕರ್ನಲ್ (ಲಿನಕ್ಸ್‌ನ ತಿರುಳು) ಮೆಮೊರಿಯ ಪ್ರತಿಯಿಂದ ಡಿಸ್ಕಿಗೆ ವಾಪಸ್ ಬರೆಯುವುದು 4096 ಬೈಟಿನ ಇಡೀ ಪುಟವನ್ನು, ಹಾಗಾಗಿ ಆ ಪುಟದಲ್ಲಿದ್ದ ಪಕ್ಕದ ಲಾಟಿನ ಹಳೇ ದರ ಹೊಸದರ ಮೇಲೆ ಕೂರುತ್ತಿತ್ತು.

ನೀವು ಕೊಟ್ಟ ಸಲಹೆಗಳಲ್ಲಿ ಎಫ್‌ಸಿಂಕ್ (ಬದಲಾವಣೆಯನ್ನು ಕೂಡಲೇ ಡಿಸ್ಕಿಗೆ ಬರೆಸುವ ಕರೆ) ಕೆಲಸ ಮಾಡಲಿಲ್ಲ, ಅದು ಹಳೇ ಪುಟವನ್ನೇ ಇನ್ನೂ ಬೇಗ ಡಿಸ್ಕಿಗೆ ತಳ್ಳುತ್ತಿತ್ತು. ಫ್ಯಾಡ್ವೈಸ್‌ನ ಡೋಂಟ್‌ನೀಡ್ (ಮೆಮೊರಿಯ ಪ್ರತಿ ಇನ್ನು ಬೇಡ ಅಂತ ಕರ್ನಲ್‌ಗೆ ಹೇಳುವುದು) ಕೂಡ ಇಲ್ಲ, ಬರೆಯಲು ಬಾಕಿ ಇರುವ ಪುಟವನ್ನು ಅದು ಬಿಡಿಸುವುದಿಲ್ಲ. ಎಫ್‌ಲಾಕ್ (ಫೈಲಿಗೆ ಬೀಗ ಹಾಕುವುದು) ಒಳ್ಳೆಯ ಸಲಹೆಯೇ, ಆದರೆ ತೂಕದ ಪ್ರೋಗ್ರಾಂ ಹೊರಗಿನವರದ್ದು, ಲಾಕ್ ಕೇಳುವುದೇ ಇಲ್ಲ, ಕೇಳದವರನ್ನು ಎಫ್‌ಲಾಕ್ ತಡೆಯುವುದೂ ಇಲ್ಲ.

ಕೈಹಿಡಿದದ್ದು 'ಒಂದು ಫೈಲಿಗೆ ಒಂದೇ ದಾರಿ' ಅಂದವರ ಸಲಹೆ. ಪ್ರಿಂಟ್ ಗುರುತನ್ನು ಬೇರೆ ಫೈಲಿಗೆ ಹಾಕಿದೆವು, ಲಾಟ್ ಫೈಲನ್ನು ನಾವೂ ಓ_ಡೈರೆಕ್ಟ್‌ನಲ್ಲೇ ಓದುತ್ತೇವೆ, ಬರೆಯುವುದಿಲ್ಲ. ಹಾಗೆ ಓದುವಾಗ ಬಫರ್ (ಓದಿದ್ದನ್ನು ಇಡುವ ಮೆಮೊರಿ ಜಾಗ) ವಿಳಾಸ, ಆಫ್‌ಸೆಟ್ (ಫೈಲಿನಲ್ಲಿ ಓದು ಶುರುವಾಗುವ ಜಾಗ), ಉದ್ದ ಮೂರೂ ಡಿಸ್ಕಿನ ಬ್ಲಾಕ್ ಅಳತೆಗೆ ಸರಿಹೊಂದಬೇಕು, ಇಲ್ಲದಿದ್ದರೆ ಈಇನ್ವಾಲ್ ಅನ್ನೋ ಎರರ್ ಬರಬಹುದು.

ನನಗೆ ಆಶ್ಚರ್ಯ ಆದದ್ದು, ಓ_ಡೈರೆಕ್ಟ್, ಎಮ್‌ಮ್ಯಾಪ್ ಎರಡನ್ನೂ ಒಂದೇ ಫೈಲಿನಲ್ಲಿ ಬೆರೆಸಬೇಡಿ ಅಂತ ಲಿನಕ್ಸ್‌ನ ಓಪನ್ ಮ್ಯಾನ್ ಪೇಜ್‌ನಲ್ಲೇ (ಫೈಲ್ ತೆರೆಯುವ ಕರೆಯ ಕೈಪಿಡಿ ಪುಟ) ಬರೆದಿದೆ. ಇದೇ ತೊಂದರೆ ಇದ್ದವರು ಕರ್ನಲ್ ಲಾಗ್‌ನಲ್ಲಿ 'ಪೇಜ್ ಕ್ಯಾಶ್ ಇನ್‌ವ್ಯಾಲಿಡೇಶನ್ ಫೇಲ್ಯೂರ್' (ಮೆಮೊರಿಯ ಹಳೇ ಪ್ರತಿಯನ್ನು ರದ್ದು ಮಾಡಲು ಆಗಲಿಲ್ಲ) ಅಂತ ಇದೆಯಾ ಅಂತ ಮೊದಲು ಹುಡುಕಿ.