ಪುಣೆಯಲ್ಲಿ ಎಂಬೆಡೆಡ್ ಕ್ಲಾಸಿಗೆ ಒಂದು ಲಕ್ಷ ಕಟ್ಟಲಾ? ಮಾಡಿದವರು ಹೇಳಿ

ಹಾರ್ನೆಸ್ ಹುಡುಗ, ವಾಕಡ್:
ಎಲ್ಲರಿಗೂ ನಮಸ್ಕಾರ. ನಾನು ಗೋಕಾಕ ಕಡೆಯವನು. 2022ರಲ್ಲಿ ಇ ಅಂಡ್ ಸಿ ಇಂಜಿನಿಯರಿಂಗ್ ಮುಗಿಸಿದೆ. ಈಗ ಚಾಕಣ್‌ನಲ್ಲಿ ವೈರಿಂಗ್ ಹಾರ್ನೆಸ್, ಅಂದರೆ ಗಾಡಿಯ ವೈರ್ ಕಟ್ಟಿನ ಕ್ವಾಲಿಟಿಯಲ್ಲಿದ್ದೇನೆ. ಕೈಗೆ 21,000 ಬರುತ್ತದೆ. ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮೆಸೇಜ್ ಕಳಿಸುವ ಜೋಡಿ ವೈರಿಗೆ ಕ್ಯಾನ್ ಎನ್ನುತ್ತಾರೆ. ದಿನವಿಡೀ ಕ್ಯಾನ್ ಹೈ, ಕ್ಯಾನ್ ಲೋ ಅಂತ ಚೀಟಿ ಅಂಟಿಸಿದ ವೈರ್ ನೋಡುತ್ತೇನೆ. ಅದರೊಳಗೆ ಏನು ಓಡುತ್ತದೆ ಎಂದು ಮಾತ್ರ ಇನ್ನೂ ಸರಿಯಾಗಿ ಗೊತ್ತಿಲ್ಲ. ಕರ್ವೆ ರಸ್ತೆಯಲ್ಲಿ ಒಂದು ಎಂಬೆಡೆಡ್ ಕ್ಲಾಸ್, ಅಂದರೆ ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವುದನ್ನು ಕಲಿಸುವ ಕ್ಲಾಸ್ ನೋಡಿ ಬಂದೆ. ಆರು ತಿಂಗಳು, ಶನಿವಾರ ಭಾನುವಾರ. 85,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 1,00,300. 8051 ಎಂಬ ಹಳೇ ಚಿಪ್ಪಿನಿಂದ ಶುರು ಮಾಡಿ ಎಆರ್‌ಎಂ ಚಿಪ್ಪು, ಕ್ಯಾನ್, ಗಾಡಿ ಸಾಫ್ಟ್‌ವೇರಿನ ಸ್ಟ್ಯಾಂಡರ್ಡ್ ಆದ ಆಟೋಸಾರ್ ತನಕ ಹೇಳಿಕೊಡುತ್ತಾರಂತೆ. ಕಬ್ಬಿನ ಬಿಲ್ ಬಂದ ಮೇಲೆ ಅಪ್ಪ ದುಡ್ಡು ಕೊಡುತ್ತೇನೆ ಎಂದಿದ್ದಾರೆ. ನನ್ನ ಪ್ರಶ್ನೆ ಒಂದೇ. ಶಿಫ್ಟ್ ಕೆಲಸ ಬಿಡದೆ ಇದನ್ನು ಮಾಡೋಕೆ ಆಗುತ್ತಾ?

ಅರವತ್ತು ಓಂ, ಹಿಂಜವಡಿ:
ಕಣ್ಣು ಮುಚ್ಚಿಕೊಂಡು ಸೇರಿ. ನನ್ನ ಕಥೆ ಹೇಳುತ್ತೇನೆ. 2018ರಲ್ಲಿ ನಾನೂ ಪುಣೆಯಲ್ಲೇ ಇಂಥದ್ದೇ ಒಂದು ಕ್ಲಾಸ್ ಮಾಡಿದೆ. ಫೀ 72,000. ಮೆಸ್ ತಿಂಗಳಿಗೆ 2,800, ಭಾನುವಾರ ರಾತ್ರಿ ಊಟ ಇಲ್ಲ. ಕೋಥ್ರೂಡ್‌ನಲ್ಲಿ ಮೂವರು ಒಂದೇ ರೂಮಿನಲ್ಲಿದ್ದೆವು. ಕಿಟ್ ಅಂತ ಬೇರೆ 6,500 ಕಿತ್ತುಕೊಂಡರು. ಅದು ಎಲ್‌ಪಿಸಿ2148 ಎಂಬ ಎಆರ್‌ಎಂ ಚಿಪ್ಪಿನ ಬೋರ್ಡ್. ನಾಲ್ಕನೇ ತಿಂಗಳು ಕ್ಯಾನ್ ಪಾಠ ಶುರುವಾದಾಗ ಗೊತ್ತಾಯಿತು, 2148ರಲ್ಲಿ ಕ್ಯಾನೇ ಇಲ್ಲ! ಅದಕ್ಕೆ 2129 ಬೇಕು. ಮತ್ತೆ 3,200. ಹೊಟ್ಟೆ ಉರಿಯಿತು, ಆದರೂ ಕೊಟ್ಟೆ.

ಈಗ ಮುಖ್ಯ ವಿಷಯ. ಪ್ರಾಜೆಕ್ಟ್ ಟೈಮಲ್ಲಿ ಮೂರು ಬೋರ್ಡನ್ನು ಒಂದೇ ಜೋಡಿ ವೈರಿಗೆ ಜೋಡಿಸಿದೆವು, ಅದಕ್ಕೆ ಕ್ಯಾನ್ ಬಸ್ ಎನ್ನುತ್ತಾರೆ. ಮೆಸೇಜ್ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಐದು ದಿನ ಕೋಡ್ ನೋಡಿದೆವು. ಬಿಟ್ ಟೈಮಿಂಗ್ ಬದಲಿಸಿದೆವು, ಕ್ರಿಸ್ಟಲ್ ಬದಲಿಸಿದೆವು. ಆರನೇ ದಿನ ಸರ್ ಬಂದು ಪವರ್ ತೆಗೆಸಿ ಎರಡು ವೈರ್ ನಡುವೆ ಮೀಟರ್ ಇಟ್ಟರು. 40 ಓಂ. ಚಿಪ್ಪನ್ನು ಬಸ್ಸಿಗೆ ಜೋಡಿಸಲು ಮಾರ್ಕೆಟ್‌ನಿಂದ ತಂದ ಟ್ರಾನ್ಸೀವರ್ ಮಾಡ್ಯೂಲ್ ಮೂರರಲ್ಲೂ 120 ಓಂ ರೆಸಿಸ್ಟರ್ ಬೆಸುಗೆ ಹಾಕಿಯೇ ಬಂದಿತ್ತು. ಎರಡು ತುದಿಗೆ ಮಾತ್ರ ಇರಬೇಕು, ಆಗ 60 ಬರುತ್ತದೆ. ನಡುವಿನದನ್ನು ಕಿತ್ತೆವು, ಬಸ್ ಓಡಿತು. ಆಮೇಲೆ 41 ಇಂಟರ್‌ವ್ಯೂ ಕೊಟ್ಟೆ. 42ನೆಯದರಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಇದು. ಆ ಒಂದು ಉತ್ತರಕ್ಕೆ ಟೆಸ್ಟಿಂಗ್ ಕೆಲಸ ಸಿಕ್ಕಿತು, ವರ್ಷಕ್ಕೆ 2.4 ಲಕ್ಷ. ಈಗ ಎಷ್ಟು ಎಂದು ಹೇಳಲ್ಲ.

ಕಂತು ಕಟ್ಟಿದವ, ಧಾಯರಿ:
ಮೇಲಿನವರ ಅದೃಷ್ಟ ದೊಡ್ಡದು. ನನ್ನದು ಕೇಳಿ. ನನ್ನ ಫೀ 1,10,000. ಕೈಯಲ್ಲಿ ಅಷ್ಟಿಲ್ಲ ಎಂದೆ. ಚಿಂತೆ ಬೇಡ, ಕಂತಿನಲ್ಲಿ ಕಟ್ಟಿ ಎಂದರು. ಟ್ಯಾಬ್‌ನಲ್ಲಿ ಸಹಿ ಮಾಡಿಸಿಕೊಂಡರು. ನಾನು ಕ್ಲಾಸಿಗೆ ಕಂತು ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ಅದು ಸಾಲ. ಫೈನಾನ್ಸ್ ಕಂಪನಿ ಮೊದಲ ದಿನವೇ ಪೂರ್ತಿ ದುಡ್ಡು ಕ್ಲಾಸಿನವರಿಗೆ ಕೊಟ್ಟಾಗಿತ್ತು. 5,200ರಂತೆ 24 ತಿಂಗಳು, ಅಂದರೆ 1,24,800.

ಮೊದಲ ಏಳು ವಾರ 8051 ಅಸೆಂಬ್ಲಿ. ಎಲ್‌ಇಡಿ ಮಿನುಗಿಸಿದ್ದು, ಸೆವೆನ್ ಸೆಗ್ಮೆಂಟ್, ಸ್ಟೆಪ್ಪರ್ ಮೋಟರ್. ಅದೆಲ್ಲ ಕಾಲೇಜಿನಲ್ಲೇ ಮಾಡಿದ್ದೆ. ಎರಡನೇ ತಿಂಗಳು ಡೆಕ್ಕನ್‌ನಿಂದ ಕ್ಲಾಸ್ ಬೇರೆ ಕಡೆಗೆ ಹೋಯಿತು. ಮೂರನೇ ತಿಂಗಳು ಸರ್ ಬದಲಾದರು. ಆಟೋಸಾರ್ ಅಂದರೆ 112 ಸ್ಲೈಡ್. ಚಿಪ್ಪನ್ನು ಮುಟ್ಟುವ ಎಂಸಿಎಎಲ್ ಪದರ ಕೆಳಗೆ, ಕೊಂಡಿಯಂಥ ಆರ್‌ಟಿಇ ನಡುವೆ, ಅಪ್ಲಿಕೇಶನ್ ಮೇಲೆ, ಬಣ್ಣ ಬಣ್ಣದ ಡಬ್ಬಿಗಳು. ಟೂಲ್ ಎಲ್ಲಿ ಸರ್ ಎಂದು ಕೇಳಿದರೆ ಲೈಸೆನ್ಸ್ ದುಬಾರಿ ಎಂದರು. ಅದು ನಿಜವೇ, ಆದರೆ ಜಾಹೀರಾತಿನಲ್ಲಿ ಹಾಗೆ ಬರೆದಿರಲಿಲ್ಲ. ನಾಲ್ಕನೇ ತಿಂಗಳ ಮೂರನೇ ಶನಿವಾರ ಹೋದೆ, ಶಟರ್ ಕೆಳಗಿತ್ತು. ವಾಚ್‌ಮನ್‌ಗೂ ಎರಡು ತಿಂಗಳ ಪಗಾರ ಬಾಕಿ.

ಕ್ಲಾಸ್ ನಿಂತಿತು, ಕಂತು ನಿಲ್ಲಲಿಲ್ಲ. ಒಂದು ತಿಂಗಳು ಬೌನ್ಸ್ ಮಾಡಿದೆ, 590 ದಂಡ. ನನ್ನ ಹತ್ತನೇ ಕ್ಲಾಸಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇತ್ತು. ಅದಕ್ಕಾಗಿ ನಾಲ್ಕು ಸಲ ಅಲೆದೆ. ಸಿಗಲಿಲ್ಲ. ಡೂಪ್ಲಿಕೇಟ್ ತೆಗೆಸಿದೆ, ಅದಕ್ಕೆ ಬೆಂಗಳೂರಿಗೆ ಹೋಗಿಬಂದ ಖರ್ಚು ಬೇರೆ.

ಅರವತ್ತು ಓಂ, ಹಿಂಜವಡಿ:
ಸಹಿ ಮಾಡುವ ಮೊದಲು ಓದಬೇಕಿತ್ತು ಅಲ್ವಾ. ಅದಕ್ಕೆ ಎಲ್ಲ ಕ್ಲಾಸನ್ನೂ ಬೈದರೆ ಹೇಗೆ?

ಕಂತು ಕಟ್ಟಿದವ, ಧಾಯರಿ:
ಇಲ್ಲದ ಕ್ಯಾನ್‌ಗೆ 6,500 ಕೊಟ್ಟು ಬೋರ್ಡ್ ತಗೊಂಡವರು ನನಗೆ ಓದುವ ಪಾಠ ಹೇಳುತ್ತಿದ್ದಾರೆ.

ಡೊಂಬಿವಲಿ ಲೋಕಲ್:
ಇಬ್ಬರದೂ ದುಡ್ಡು ದಂಡ. ನಾನು ಒಂದು ಪೈಸೆ ಫೀ ಕೊಟ್ಟಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಬ್ಲೂ ಪಿಲ್ ಬೋರ್ಡ್ 180ಕ್ಕೆ, ಚಿಪ್ಪಿಗೆ ಕೋಡ್ ತುಂಬುವ ನಕಲಿ ಎಸ್‌ಟಿ ಲಿಂಕ್ 250ಕ್ಕೆ ತಂದೆ. ಬ್ಲೂ ಪಿಲ್ ಅಂದರೆ ಎಸ್‌ಟಿಎಂ32ಎಫ್103, ಕಾರ್ಟೆಕ್ಸ್ ಎಂ3, 72 ಮೆಗಾಹರ್ಟ್ಸ್. ಮೊದಲ ದಿನವೇ ಎಡವಟ್ಟು. ಕೋಡ್ ತುಂಬುವ ಓಪನ್ಓಸಿಡಿ ಸಾಫ್ಟ್‌ವೇರ್ ಚಿಪ್ಪನ್ನು ಒಪ್ಪುತ್ತಲೇ ಇಲ್ಲ. ಚಿಪ್ಪಿನ ಗುರುತಿನ ಸಂಖ್ಯೆ 1ಬಿಎ01477 ಬರಬೇಕಾದ ಕಡೆ 2ಬಿಎ01477 ಬರುತ್ತಿದೆ. ಅಂದರೆ ಚಿಪ್ಪೂ ನಕಲಿ. ಕಾನ್ಫಿಗ್ ಫೈಲಿನಲ್ಲಿ ಒಂದು ಅಂಕಿ ತಿದ್ದಿದೆ, ಓಡಿತು. ಇದನ್ನು ಯಾವ ಕ್ಲಾಸಿನಲ್ಲಿ ಹೇಳುತ್ತಾರೆ?

ಆಮೇಲೆ ಕ್ಯಾನ್. ಬಂದ ಮೆಸೇಜನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಕಳಿಸಿ ನೋಡೋಣ ಎಂದುಕೊಂಡೆ. ಕ್ಯಾನ್ ಆನ್ ಮಾಡಿದರೆ ಯುಎಸ್‌ಬಿ ಸತ್ತು ಹೋಗುತ್ತದೆ. ಎರಡಕ್ಕೂ ಪಿಎ11, ಪಿಎ12 ಪಿನ್ನುಗಳೇ, ಅದಕ್ಕೆ ಹೀಗೆ ಎಂದು ಕ್ಯಾನನ್ನು ಪಿಬಿ8, ಪಿಬಿ9ಕ್ಕೆ ಹಾಕಿದೆ. ಆದರೂ ಅದೇ ಗೋಳು. ಮೂರು ವೀಕೆಂಡ್ ಹೋಯಿತು. ಹೆಂಡತಿ ಮಾತು ಬಿಟ್ಟಳು. ಕೊನೆಗೆ ರೆಫರೆನ್ಸ್ ಮ್ಯಾನ್ಯುಯಲ್‌ನಲ್ಲಿ ಒಂದು ಸಾಲು ಸಿಕ್ಕಿತು. ಈ ಚಿಪ್ಪಿನಲ್ಲಿ ಯುಎಸ್‌ಬಿಗೂ ಕ್ಯಾನ್‌ಗೂ 512 ಬೈಟ್ ಮೆಮೊರಿ ಒಂದೇ, ಇಬ್ಬರೂ ಒಟ್ಟಿಗೆ ಬಳಸುವಂತಿಲ್ಲ. ಒಂದೇ ಬಚ್ಚಲು, ಎರಡು ಬಾಡಿಗೆ ಮನೆ! ಸೀರಿಯಲ್ ಪೋರ್ಟಿಗೆ ಬದಲಿಸಿದೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಈಗ ಮಹಾಪೆಯಲ್ಲಿ ಎಐಎಸ್ 140 ಸ್ಟ್ಯಾಂಡರ್ಡಿನ, ಗಾಡಿ ಎಲ್ಲಿದೆ ಎಂದು ತೋರಿಸುವ ಟ್ರ್ಯಾಕರ್ ಮಾಡುತ್ತೇವೆ, ಬಸ್ಸು ಟ್ಯಾಕ್ಸಿಗೆ ಹಾಕುವಂಥದ್ದು.

ಹಳೇ ಬೂಟ್‌ಲೋಡರ್, ನಿಗಡಿ:
ಟ್ರ್ಯಾಕರ್ ಒಳ್ಳೆಯದೇ. ಆದರೆ ಅದು ಗಾಡಿಯ ಮೇಲೆ ಕೂತ ಪೆಟ್ಟಿಗೆ, ಗಾಡಿ ಓಡಿಸುವ ಇಸಿಯು, ಅಂದರೆ ಗಾಡಿಯೊಳಗಿನ ಕಂಪ್ಯೂಟರ್ ಅಲ್ಲ. ಟೆಸ್ಟಿಂಗ್ ಮಾಡಿದವರೂ ತಮ್ಮನ್ನು ಎಂಬೆಡೆಡ್ ಎಂದುಕೊಳ್ಳುತ್ತಾರೆ. ನಾನು 14 ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ, ಆರು ವರ್ಷದಿಂದ ಇಂಟರ್‌ವ್ಯೂ ತೆಗೆದುಕೊಳ್ಳುತ್ತಿದ್ದೇನೆ. ಕರ್ವೆ ರಸ್ತೆಯಿಂದ ಬರುವ ರೆಸ್ಯೂಮೆಗಳಲ್ಲಿ ಸ್ಪೆಲಿಂಗ್ ತಪ್ಪು ಸಹಾ ಒಂದೇ. ಸಿ ಭಾಷೆಯಲ್ಲಿ ವೊಲಟೈಲ್ ಎಂಬ ಪದ ಯಾಕೆ ಬೇಕು ಎಂದರೆ ಎಲ್ಲರೂ ಒಂದೇ ವಾಕ್ಯ ಒಪ್ಪಿಸುತ್ತಾರೆ. ಸರಿ, ವೊಲಟೈಲ್ ಹಾಕಿದ 32 ಬಿಟ್ ಕೌಂಟರನ್ನು 8 ಬಿಟ್ ಚಿಪ್ಪಿನಲ್ಲಿ, ನಡುವೆ ನುಗ್ಗುವ ಇಂಟರಪ್ಟ್ ಕೋಡ್ ಅದನ್ನು ಬದಲಿಸುತ್ತಿರುವಾಗ ಓದಿದರೆ ಏನಾಗುತ್ತದೆ ಎಂದು ಕೇಳಿದರೆ ಮೌನ. ನಾಲ್ಕು ತುಂಡಾಗಿ ಓದುತ್ತೀರಪ್ಪ, ನಡುವೆ ಬೆಲೆ ಬದಲಾಗಿಬಿಡುತ್ತದೆ.

ನಾನು ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಡಿಪ್ಲೊಮಾ ಮಾಡಿದವನು. ಅದರ ಪ್ರವೇಶ ಪರೀಕ್ಷೆ ಸಿ-ಕ್ಯಾಟ್ ಬರೆದೆ, ಎರಡನೇ ಸಲಕ್ಕೆ ಬಂತು. ಬೆಳಿಗ್ಗೆಯಿಂದ ರಾತ್ರಿ ತನಕ ಲ್ಯಾಬ್. ಅಲ್ಲಿ ಕಲಿತದ್ದೂ ಸಾಲಲಿಲ್ಲ. ಮೊದಲ ಕಂಪನಿಯಲ್ಲಿ ಯುಡಿಎಸ್ ಬೂಟ್‌ಲೋಡರ್, ಅಂದರೆ ಇಸಿಯುಗೆ ಹೊಸ ಸಾಫ್ಟ್‌ವೇರ್ ತುಂಬಿಸುವ ಕೋಡ್ ಕೈಗೆ ಕೊಟ್ಟರು. ಸಾಫ್ಟ್‌ವೇರ್ ಇರುವ ಫ್ಲ್ಯಾಶ್ ಮೆಮೊರಿ ಅಳಿಸಲು ಎರಡು ಸೆಕೆಂಡಿಗಿಂತ ಜಾಸ್ತಿ ಬೇಕು. ಹೊಸ ಸಾಫ್ಟ್‌ವೇರ್ ಕಳಿಸುವ ಟೆಸ್ಟರ್ ಉಪಕರಣ 50 ಮಿಲಿಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಹೆಕ್ಸ್ 78 ಕಳಿಸಿ 'ಇರಪ್ಪ, ಮಾಡ್ತಿದ್ದೀನಿ' ಎನ್ನಬೇಕು. ನಾನು ಕಳಿಸಲಿಲ್ಲ. ಟೆಸ್ಟರ್ ಕೈ ಕೊಟ್ಟಿತು. ಹಳೇ ಸಾಫ್ಟ್‌ವೇರ್ ಅಳಿಸಿ ಹೋಗಿದೆ, ಹೊಸದು ಬಂದಿಲ್ಲ, ಆದರೆ 'ಸಾಫ್ಟ್‌ವೇರ್ ಸರಿ ಇದೆ' ಎಂಬ ಗುರುತು ಹಾಗೇ ಉಳಿದಿದೆ. ಪವರ್ ಕೊಟ್ಟರೆ ಖಾಲಿ ಫ್ಲ್ಯಾಶಿಗೆ ಹಾರುತ್ತದೆ, ಚಿಪ್ಪು ಸಿಕ್ಕಿಬಿದ್ದರೆ ಕಾಯುವ ವಾಚ್‌ಡಾಗ್ ಟೈಮರ್ ರೀಸೆಟ್ ಮಾಡುತ್ತದೆ, ಮತ್ತೆ ಹಾರುತ್ತದೆ. ರಾತ್ರಿ ಮೂರು ಗಂಟೆಗೆ ಹನ್ನೊಂದು ಇಸಿಯು ಕಲ್ಲಾದವು. ಒಂದೊಂದನ್ನೂ ಬಿಚ್ಚಿ, ಮೇಲಿನ ವಾರ್ನಿಷ್ ಕೆರೆದು, ಡಿಬಗ್ ವೈರ್ ಬೆಸುಗೆ ಹಾಕಿ ಎಬ್ಬಿಸಿದೆ. ನಾಲ್ಕು ದಿನ. ಬೆರಳಿನ ಸುಟ್ಟ ಗುರುತು ಇನ್ನೂ ಇದೆ.

ಅರವತ್ತು ಓಂ, ಹಿಂಜವಡಿ:
ಟೆಸ್ಟಿಂಗ್ ಎಂಬೆಡೆಡ್ ಅಲ್ಲ ಎಂದವರೇ, ನಿಮ್ಮ ಹನ್ನೊಂದು ಇಸಿಯು ಯಾಕೆ ಸತ್ತವು? ಟೆಸ್ಟ್ ಮಾಡುವವನು ಪಕ್ಕದಲ್ಲಿ ಇರಲಿಲ್ಲ, ಅದಕ್ಕೆ. ಟೆಸ್ಟಿಂಗ್‌ಗೆ ಬಳಸುವ ಕೇಪಲ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆದು ಆ 78 ಬಂತಾ ಇಲ್ಲವಾ ಎಂದು ನೋಡೋದು ನಾವೇ ಸ್ವಾಮಿ.

ಹಳೇ ಬೂಟ್‌ಲೋಡರ್, ನಿಗಡಿ:
ಮಾತಿಗೆ ಮೂಗು ಕೆಂಪಾಗುವುದಾದರೆ ನಾನು ಹೇಳೋದು ಬಿಟ್ಟೆ.

ವಾಸ್ಕೊ ಅಕ್ಕ:
ಜಗಳ ಸಾಕು. ಪುಣೆಯವರಿಗೆ ಮನೆ ಬಾಗಿಲಲ್ಲೇ ಕ್ಲಾಸಿದೆ, ಅದಕ್ಕೇ ಬೆಲೆ ಗೊತ್ತಿಲ್ಲ. ನಾನು ಗೋವಾದ ವೆರ್ಣಾದಲ್ಲಿ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಟೆಸ್ಟ್ ಲೈನಿನಲ್ಲಿದ್ದೆ. ಹತ್ತಿರ ನನಗೆ ಬೇಕಾದ ಕ್ಲಾಸ್ ಸಿಗಲಿಲ್ಲ. ಶುಕ್ರವಾರ ಸಂಜೆ ಕೆಲಸ ಮುಗಿಸಿ ಪಣಜಿಯಿಂದ ಸ್ಲೀಪರ್ ಬಸ್. ಬೆಳಿಗ್ಗೆ ಸ್ವಾರ್‌ಗೇಟ್. ಅಲ್ಲೇ ಮುಖ ತೊಳೆದು ಕ್ಲಾಸ್. ರಾತ್ರಿ ಚಿಕ್ಕಮ್ಮನ ಮನೆ, ಭಾನುವಾರ ಮತ್ತೆ ಕ್ಲಾಸ್, ರಾತ್ರಿ ಬಸ್, ಸೋಮವಾರ ನೇರ ಪಂಚಿಂಗ್. ಹೋಗಿಬರಲು 1,900. 24 ವಾರಕ್ಕೆ 45,600. ಫೀ ಎಷ್ಟು ಗೊತ್ತಾ? 38,000! ಬಸ್ಸಿನವನೇ ಜಾಸ್ತಿ ದುಡಿದ.

ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲಿ ಮರ ಬಿದ್ದು ಎರಡು ಸಲ ರಾತ್ರಿಯಿಡೀ ನಿಂತೆವು. ಆ ಎರಡು ಶನಿವಾರ ಟೈಮರ್ ಮತ್ತು ಪಿಡಬ್ಲ್ಯೂಎಂ (ಪಲ್ಸಿನ ಅಗಲ ಬದಲಿಸುವುದು) ಪಾಠ. ಇವತ್ತಿಗೂ ಪಿಡಬ್ಲ್ಯೂಎಂ ರಿಜಿಸ್ಟರ್ ನೋಡಿದರೆ ನನಗೆ ಡೀಸೆಲ್ ವಾಸನೆ ಬರುತ್ತದೆ. ಕೆಲಸ ಬಿಡಲಿಲ್ಲ. ಆದರೆ ಐದನೇ ತಿಂಗಳು ಲೈನಿನಲ್ಲಿ ನಿದ್ದೆ ಹೋಗಿ ಒಂದು ಬ್ಯಾಚ್ ತಪ್ಪು ಪಾಸ್ ಮಾಡಿದೆ. ಮೆಮೊ ಬಂತು, ಇನ್‌ಕ್ರಿಮೆಂಟ್ ಹೋಯಿತು.

ಡೊಂಬಿವಲಿ ಲೋಕಲ್:
ಅಕ್ಕಾ, 45,600ಕ್ಕೆ ಲ್ಯಾಮಿಂಗ್ಟನ್ ರೋಡಿನಲ್ಲಿ ಅರ್ಧ ಅಂಗಡಿ ಬರುತ್ತಿತ್ತು.

ಕಂತು ಕಟ್ಟಿದವ, ಧಾಯರಿ:
ಯಾವ ಲ್ಯಾಮಿಂಗ್ಟನ್ ರೋಡ್? ನಾನು ಹುಬ್ಬಳ್ಳಿಯವನು, ನಮ್ಮಲ್ಲೂ ಇದೆ.

ಡೊಂಬಿವಲಿ ಲೋಕಲ್:
ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ್ದು ಮಾರಾಯ್ರೆ. ಬೋರ್ಡಿನಲ್ಲಿ ಡಾಕ್ಟರ್ ಭಡಕಮಕರ್ ಮಾರ್ಗ ಎಂದಿರುತ್ತದೆ. ಆ ಹೆಸರು ಹೇಳಿದರೆ ಟ್ಯಾಕ್ಸಿಯವನು ತಲೆ ಕೆರೆಯುತ್ತಾನೆ.

ಕಂತು ಕಟ್ಟಿದವ, ಧಾಯರಿ:
ಲ್ಯಾಮಿಂಗ್ಟನ್ ಅಂದರೆ ಮುಂಬಯಿ ಗವರ್ನರ್, ಹುಬ್ಬಳ್ಳಿಯೂ ಆಗ ಮುಂಬಯಿ ಪ್ರಾಂತ್ಯವೇ. ಆ ಹೆಸರು ನಿಮ್ಮೊಬ್ಬರದೇ ಅಲ್ಲ. ಮತ್ತೆ ಪುಣೆಯವರಿಗೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿ ಇದೆ, ಮುಂಬಯಿಗೆ ಯಾಕೆ ಹೋಗಬೇಕು?

ಡೊಂಬಿವಲಿ ಲೋಕಲ್:
ತಾಪಕೀರ್ ಗಲ್ಲಿಯಲ್ಲಿ ಸ್ವಿಚ್, ಫ್ಯಾನು, ದೀಪದ ಮಾಲೆ ಸಿಗುತ್ತದೆ. ಅದಕ್ಕೂ ಇದಕ್ಕೂ ಹೋಲಿಕೆಯಾ? ಅಂದಹಾಗೆ, 8051 ಏಳು ವಾರ ಕಲಿಸುವವರಿಗೆ ನಾಚಿಕೆ ಆಗಬೇಕು. ಅದು 1980ರ ಚಿಪ್ಪು.

ಹಳೇ ಬೂಟ್‌ಲೋಡರ್, ನಿಗಡಿ:
ಹೇಳೋದು ಬಿಟ್ಟೆ ಎಂದಿದ್ದೆ, ಇದಕ್ಕೆ ಬಿಡಲಾಗದು. 8051ರಲ್ಲಿ ರ‍್ಯಾಮ್ 128 ಬೈಟ್. ಅಷ್ಟರಲ್ಲಿ ಸಂಸಾರ ಮಾಡಿದವನಿಗೆ ಸ್ಟ್ಯಾಕ್ ಎಲ್ಲಿ ಕೊನೆಯಾಗುತ್ತದೆ ಎಂದು ಗೊತ್ತಿರುತ್ತದೆ. ನೇರ ಎಸ್‌ಟಿಎಂ32ಕ್ಕೆ ಇಳಿದವರು ಒಂದು ಎಲ್‌ಇಡಿಗೂ ಲೈಬ್ರರಿ ಕರೆಯುತ್ತಾರೆ.

ಕಂತು ಕಟ್ಟಿದವ, ಧಾಯರಿ:
ಆ ಸಂಸಾರಕ್ಕೆ ಏಳು ವಾರ ಬೇಕಾ? ವಾರಕ್ಕೆ 1,200ರಂತೆ ಕಂತು ಕಟ್ಟಿದ್ದು ನಾನು.

ಹಾರ್ನೆಸ್ ಹುಡುಗ, ವಾಕಡ್:
ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಶಿಫ್ಟ್ ಬಗ್ಗೆ. ಮೂರನೇ ಶಿಫ್ಟ್ ವಾರದಲ್ಲಿ ಶನಿವಾರ ಬೆಳಿಗ್ಗೆ 7ಕ್ಕೆ ಬಿಡುತ್ತಾರೆ, ಕ್ಲಾಸ್ 9ಕ್ಕೆ. ವಾಸ್ಕೊ ಅಕ್ಕ ಹೇಳಿದ್ದು ಕೇಳಿ ಸ್ವಲ್ಪ ಭಯ ಆಯಿತು. ಸದ್ಯಕ್ಕೆ ಫೀ ಕಟ್ಟಿಲ್ಲ, ಅಪ್ಪನಿಗೂ ಏನೂ ಹೇಳಿಲ್ಲ. ಇನ್ನೊಂದು ವಿಷಯ. ಇವತ್ತು ಟೀ ಬ್ರೇಕಿನಲ್ಲಿ ಹಾರ್ನೆಸ್‌ನ ಕ್ಯಾನ್ ಹೈ, ಕ್ಯಾನ್ ಲೋ ನಡುವೆ ಸುಮ್ನೆ ಮೀಟರ್ ಇಟ್ಟು ನೋಡಿದೆ. 60 ಬರಲಿಲ್ಲ, 40 ಬರಲಿಲ್ಲ, ಓಪನ್ ತೋರಿಸಿತು. ಒಂಬತ್ತು ಹಾರ್ನೆಸ್ ನೋಡಿದೆ, ಒಂಬತ್ತೂ ಹಾಗೇ. ಇಡೀ ಲಾಟ್ ಕೆಟ್ಟಿದೆಯಾ? ಸೂಪರ್‌ವೈಸರ್‌ಗೆ ಹೇಳಲಾ?

ಹಳೇ ಬೂಟ್‌ಲೋಡರ್, ನಿಗಡಿ:
ಹೇಳಬೇಡ! ಇಸಿಯು ಸಿಕ್ಕಿಸಿಲ್ಲ ತಾನೇ? ರೆಸಿಸ್ಟರ್ ಇಸಿಯು ಒಳಗಿರುತ್ತದೆ, ವೈರಿನಲ್ಲಿ ಅಲ್ಲ.

ಅರವತ್ತು ಓಂ, ಹಿಂಜವಡಿ:
ಯಾವಾಗಲೂ ಅಲ್ಲ. ಹಾರ್ನೆಸ್ ತುದಿಯಲ್ಲೇ ರೆಸಿಸ್ಟರ್ ಇರುವುದನ್ನೂ ನಾನು ನೋಡಿದ್ದೇನೆ.

ಹಳೇ ಬೂಟ್‌ಲೋಡರ್, ನಿಗಡಿ:
ಯಾವ ಗಾಡಿಯಲ್ಲಿ?

ಅರವತ್ತು ಓಂ, ಹಿಂಜವಡಿ:
ಟ್ರಕ್. ಅದರ ಕ್ಯಾನ್ ಸ್ಟ್ಯಾಂಡರ್ಡ್ ಜೆ1939. ಟೆಸ್ಟಿಂಗ್‌ನವರಿಗೆ ಅದೂ ಗೊತ್ತಿರುತ್ತದೆ.