ದೇವಕಣಗಿಲೆ ಕೊಂಬೆ ಕೊಳೆಯುತ್ತಿದೆ, ಉಳಿಸಬಹುದಾ?

ಹಿತ್ತಲಮನೆ:
ಪಕ್ಕದ ಮನೆಯವರು ಕೊಟ್ಟ ದೇವಕಣಗಿಲೆ ಕೊಂಬೆ ಕುಂಡದಲ್ಲಿ ನೆಟ್ಟು ದಿನಾ ನೀರು ಹಾಕ್ತಿದ್ದೇನೆ. ಈಗ ಬುಡ ಮೆತ್ತಗಾಗಿದೆ, ಒತ್ತಿದರೆ ಕಂದು ನೀರು ಬರುತ್ತೆ. ದಾಸವಾಳ ಹೀಗೇ ಚುಚ್ಚಿದರೂ ಬರುತ್ತಲ್ವಾ, ಇದಕ್ಕೇನು ರೋಗ?

ಮಣ್ಣುಹುಳ:
ನೀರೇ ರೋಗ. ಈ ಕೊಂಬೆಯೊಳಗೇ ನೀರು ತುಂಬಿರುತ್ತೆ, ಬೇರು ಬರುವವರೆಗೆ ಅದೇ ಸಾಕು. ಮೆತ್ತಗಾದ ಭಾಗ ಕತ್ತರಿಸಿ, ಒಳಗೆ ಪೂರ್ತಿ ಬಿಳಿ ಕಾಣುವವರೆಗೂ ಕತ್ತರಿಸ್ತಾ ಹೋಗಿ, ಒಂದು ಕಂದು ಚುಕ್ಕೆ ಉಳಿದರೂ ಮತ್ತೆ ಕೊಳೆಯಬಹುದು. ಆಮೇಲೆ ಒಂದೆರಡು ವಾರ ನೆರಳಲ್ಲಿ ಸುಮ್ನೆ ಬಿಟ್ಟುಬಿಡಿ. ಹಾಲು ಒಣಗಿ ಕತ್ತರಿಸಿದ ಜಾಗ ಗಟ್ಟಿಯಾಗಬೇಕು. ಹಾಲು ಕಣ್ಣಿಗೆ ಬಿದ್ದರೆ ಉರಿಯುತ್ತೆ, ಹುಷಾರು.

ಕೈತೋಟ:
ಮಣ್ಣಿಗೆ ಅರ್ಧ ಮರಳು ಬೆರೆಸಿ. ಗೊಬ್ಬರ ಈಗ್ಲೇ ಬೇಡ. ಎಲೆ ಇದ್ದರೆ ಕಿತ್ತುಬಿಡಿ. ಆಸರೆಗೆ ಒಂದು ಕೋಲು ಕಟ್ಟಿ, ಗಾಳಿಗೆ ಅಲ್ಲಾಡಿದರೆ ಎಳೆ ಬೇರು ಮುರಿಯುತ್ತೆ.

ಹಿತ್ತಲಮನೆ:
ಆದರೆ ತುದಿಯಲ್ಲಿ ಚಿಗುರು ಬಂದಿದೆಯಲ್ಲ, ಬೇರು ಬಿಟ್ಟ ಹಾಗೆ ಅಲ್ವಾ?

ಮಣ್ಣುಹುಳ:
ಅಲ್ಲ. ಕೊಂಬೆಯಲ್ಲಿ ಉಳಿದಿರುವ ಸತ್ವದಿಂದಲೇ ಚಿಗುರುತ್ತೆ. ಎಲೆಗಳು ದೊಡ್ಡದಾಗಿ ಬಿಚ್ಚುವವರೆಗೆ ನೀರು ಕಮ್ಮಿ. ಮಳೆ ಜಾಸ್ತಿಯಿದ್ದರೆ ಸೂರಿನ ಕೆಳಗಿಡಿ.