ಪದಚರ್ಚೆ: ಬೆಡ್ ಸೋರ್ ಎಂಬುದು ಹುಣ್ಣೋ, ಗಾಯವೋ? ಅದು ‘ಒಣಗಬೇಕೋ’, ‘ಮಾಯಬೇಕೋ’?

ಪ್ರಶ್ನೆ

ಹಾಸಿಗೆ ಹಿಡಿದವರ ಚರ್ಮದ ಆರೈಕೆ ಕುರಿತ ನರ್ಸಿಂಗ್ ಸಂಶೋಧನೆಯೊಂದರ ಮಾಹಿತಿ ಹಾಳೆ ಮತ್ತು ಪ್ರಶ್ನಾವಳಿ ಕನ್ನಡಕ್ಕೆ ಬರಬೇಕಿದೆ. ಕರಡಿನಲ್ಲಿ ‘ಪ್ರೆಶರ್ ಇಂಜುರಿ’ಗೆ (ಒಂದೇ ಕಡೆ ಒತ್ತು ಬಿದ್ದು ಚರ್ಮಕ್ಕೆ ಆಗುವ ಹಾನಿ, ಜನ ಬೆಡ್ ಸೋರ್ ಎನ್ನುವುದು) ‘ಒತ್ತಡದ ಹುಣ್ಣು’, ‘ಸ್ಕಿನ್ ಇಂಟೆಗ್ರಿಟಿ’ಗೆ (ಚರ್ಮ ಒಡೆಯದೆ ಇಡಿಯಾಗಿರುವುದು) ‘ಚರ್ಮದ ಸಮಗ್ರತೆ’, ‘ಹೀಲಿಂಗ್’ಗೆ ‘ಗಾಯ ಒಣಗುವುದು’ ಎಂದಿದೆ. ಓದುವವರು ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರು. ಈ ಪದಗಳು ನಿಲ್ಲುತ್ತವೆಯೇ? ಬಲ್ಲವರು ತಿಳಿಸಿ.

ಉತ್ತರ 1

ಮೂರನೆಯದರಿಂದಲೇ ಶುರು ಮಾಡುತ್ತೇನೆ, ತೊಂದರೆ ಹೆಚ್ಚಿರುವುದು ಅಲ್ಲೇ. ಆಡುಮಾತಿನಲ್ಲಿ ‘ಗಾಯ ಒಣಗಿತು’ ಎಂದರೆ ವಾಸಿಯಾಯಿತು ಎಂದೇ ಅರ್ಥ, ಸಣ್ಣ ತರಚಿಗೆ ಅದು ಸರಿಯೂ ಹೌದು. ಆದರೆ ‘ಗಾಯ ಒಣಗಬೇಕು’ ಎಂದು ಆಸ್ಪತ್ರೆಯ ಹಾಳೆಯಲ್ಲೇ ಅಚ್ಚಾದರೆ ಮನೆಯವರು ಡ್ರೆಸ್ಸಿಂಗ್ ಬಿಚ್ಚಿ ಫ್ಯಾನಿನ ಗಾಳಿಗೆ ಇಡುತ್ತಾರೆ, ಮೇಲೆ ಪೌಡರ್ ಉದುರಿಸುತ್ತಾರೆ. ತೆರೆದ ಗಾಯದ ಮಟ್ಟಿಗೆ ಇದು ತಲೆಕೆಳಗು. ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಒಣಗಿಸಿದಲ್ಲಿ ಮೇಲೆ ಹಕ್ಕಳೆ ಕಟ್ಟಿ, ಹೊಸ ಜೀವಕೋಶಗಳು ಅದರಡಿಯಲ್ಲಿ ತೇವ ಹುಡುಕಿಕೊಂಡು ಸಾಗಬೇಕಾಯಿತು.

ಇದಕ್ಕೆ ‘ಮಾಯು’ ಎಂಬ ಒಳ್ಳೆಯ ಕ್ರಿಯಾಪದವೇ ನಮ್ಮಲ್ಲಿದೆ. ‘ಮಾಯದ ಗಾಯ’ ಎಂದರೆ ತಿಳಿಯದ ಕನ್ನಡಿಗರು ಕಡಿಮೆ. ‘ಮಾಗು’ ಬೇಡ: ಕುರು ಮಾಗಿತು ಎಂದರೆ ಕೀವು ತುಂಬಿ ಹಣ್ಣಾಯಿತು ಎಂದಾಗುತ್ತದೆ. ‘ಮಾಯಿತು’ ಎಂಬುದನ್ನು ಎಳೆಯರು ‘ಮಾಯವಾಯಿತು’ ಎಂದು ಓದಿಕೊಂಡಾರು ಎಂಬ ಅಳುಕಿದ್ದರೆ ಮೊದಲ ಸಲ ‘ಮಾಯುವುದು, ಅಂದರೆ ವಾಸಿಯಾಗುವುದು’ ಎಂದು ಬರೆದುಬಿಡಿ.

ಇನ್ನು ‘ಒತ್ತಡದ ಹುಣ್ಣು’. ಎರಡು ಪದ, ಎರಡಕ್ಕೂ ತಕರಾರು. ಒತ್ತಡ ಎಂದ ಕೂಡಲೇ ಈಗ ನೆನಪಾಗುವುದು ಕೆಲಸದ ಒತ್ತಡ, ಇಲ್ಲವೇ ರಕ್ತದೊತ್ತಡ, ‘ಬಿ.ಪಿ. ಇದ್ದವರಿಗೆ ಬರುವ ಹುಣ್ಣು’ ಎಂದು ಓದುವವರು ಖಂಡಿತ ಇರುತ್ತಾರೆ. ಹುಣ್ಣು ಎಂದರೆ ಬಾಯಿಹುಣ್ಣಿನಂತೆ ಒಡೆದು ಕೆಂಪಗೆ ಕಾಣುವಂಥದ್ದು. ಆದರೆ ಈ ತೊಂದರೆಗೆ ಆಳಕ್ಕೆ ತಕ್ಕಂತೆ 1ರಿಂದ 4ರವರೆಗೆ ಹಂತಗಳಿವೆ, 1ನೇ ಹಂತದಲ್ಲಿ ಚರ್ಮ ಒಡೆದೇ ಇರುವುದಿಲ್ಲ. ಅಮೆರಿಕದ ತಜ್ಞ ಮಂಡಳಿ ಎನ್‌ಪಿಯುಎಪಿ 2016ರಲ್ಲಿ ‘ಅಲ್ಸರ್’ ಕೈಬಿಟ್ಟು ‘ಇಂಜುರಿ’ ಎಂದದ್ದಕ್ಕೆ ಇದೂ ಕಾರಣ. ‘ಹಾಸಿಗೆ ಹುಣ್ಣು’ ಇನ್ನಷ್ಟು ಇಕ್ಕಟ್ಟಿನ ಪದ. ಗಾಲಿಕುರ್ಚಿಯಲ್ಲಿ ಕೂತವರಿಗೆ ಪೃಷ್ಠದ ಮೂಳೆಯ ಬಳಿ, ಆಕ್ಸಿಜನ್ ಮಾಸ್ಕ್ ಹಾಕಿದವರಿಗೆ ಮೂಗಿನ ಮೇಲೆ, ಟ್ಯೂಬ್ ಹಾದುಹೋಗುವ ಕಿವಿಯ ಹಿಂದೆಯೂ ಇದು ಬರುತ್ತದೆ, ಅಲ್ಲೆಲ್ಲಿಯ ಹಾಸಿಗೆ? ನನ್ನ ಮತ ‘ಒತ್ತುಗಾಯ’ಕ್ಕೆ. ಜನರ ಬಾಯಲ್ಲಿರುವುದು ಬೆಡ್ ಸೋರ್ ಆದ್ದರಿಂದ ‘ಬೆಡ್ ಸೋರ್ ಎನ್ನುವ ಒತ್ತುಗಾಯ’ ಎಂದು ಪರಿಚಯಿಸಿ, ಮುಂದೆ ‘ಒತ್ತುಗಾಯ’ ಒಂದನ್ನೇ ಬಳಸಿ.

1ನೇ ಹಂತದ ವಿವರಣೆಯಲ್ಲಿ ‘ಚರ್ಮ ಕೆಂಪಾಗುವುದು’ ಎಂದು ಮಾತ್ರ ಬರೆದು ಬಿಡಬೇಡಿ. ಬೆರಳಿಂದ ಒತ್ತಿ ಬಿಟ್ಟಾಗ ಆ ಕೆಂಪು ಬಿಳಿಚದೆ ಹಾಗೇ ಉಳಿಯುವುದು ಗುರುತು. ಕಪ್ಪು ಮೈಬಣ್ಣದಲ್ಲಿ ಕೆಂಪೂ ಕಾಣದು, ಬಿಳಿಚುವುದೂ ಕಾಣದು. ‘ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿ ಅಥವಾ ತಣ್ಣಗೆ, ಗಟ್ಟಿಯಾಗಿ ಅಥವಾ ಮೆತ್ತಗೆ ಇದೆಯೇ, ಮುಟ್ಟಿದರೆ ನೋಯುತ್ತದೆಯೇ’ ಎಂದು ಸೇರಿಸಿ.

‘ಚರ್ಮದ ಸಮಗ್ರತೆ’ ಓದಿದರೆ ಯಾರೋ ದೇಶದ ಏಕತೆಯ ಭಾಷಣ ಶುರು ಮಾಡಿದಂತಿದೆ. ಶೀರ್ಷಿಕೆಗೆ ‘ಚರ್ಮದ ಸುಸ್ಥಿತಿ’ ಸಾಕು. ಪ್ರಶ್ನೆಯಲ್ಲಿ ನಾಮಪದವೇ ಬೇಡ: ‘ಚರ್ಮ ಎಲ್ಲಾದರೂ ಒಡೆದಿದೆಯೇ, ಸುಲಿದಿದೆಯೇ, ತರಚಿದೆಯೇ, ನೀರುಗುಳ್ಳೆ ಎದ್ದಿದೆಯೇ?’

ಉತ್ತರ 2

‘ಒತ್ತುಗಾಯ’, ‘ಮಾಯು’ ಎರಡಕ್ಕೂ ನನ್ನ ಒಪ್ಪಿಗೆ. ಆದರೆ ಪ್ರಶ್ನಾವಳಿಯಲ್ಲಿ ಬ್ರೇಡನ್ ಮಾಪಕ (ಒತ್ತುಗಾಯ ಆಗುವ ಅಪಾಯ ಎಷ್ಟಿದೆ ಎಂದು ಆರು ಅಂಶಗಳಿಗೆ ಅಂಕ ಕೊಟ್ಟು ಅಳೆಯುವ ಪಟ್ಟಿ) ಇದ್ದರೆ ನಿಜವಾದ ತೊಡಕು ಅದರ ಕೊನೆಯ ಸಾಲಿನಲ್ಲಿ, ‘ಫ್ರಿಕ್ಷನ್’ ಮತ್ತು ‘ಶಿಯರ್’. ಎರಡಕ್ಕೂ ‘ಘರ್ಷಣೆ’ ಎಂದು ಬರೆದು ಮುಗಿಸುವುದೇ ಹೆಚ್ಚು. ಮೊದಲನೆಯದು ತಿಕ್ಕಾಟ: ರೋಗಿಯನ್ನು ಎತ್ತದೆ ಎಳೆದಾಗ ಚರ್ಮ ಬೆಡ್‌ಶೀಟಿಗೆ ಉಜ್ಜುತ್ತದೆ, ಮೇಲ್ಪದರ ಸುಲಿಯುತ್ತದೆ. ಎರಡನೆಯದು ಹೊರಗೆ ಕಾಣದು. ಮಂಚದ ತಲೆಭಾಗವನ್ನು 30 ಡಿಗ್ರಿಗಿಂತ ಮೇಲೆತ್ತಿದಾಗ ಮೈ ಕಾಲಿನ ಕಡೆಗೆ ಜಾರುತ್ತದೆ. ಬೆನ್ನಿನ ಚರ್ಮ ಬೆಡ್‌ಶೀಟಿಗೆ ಅಂಟಿ ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಕೆಳಗಿಳಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಜಗ್ಗಿ, ತಿರುಚಿ, ಮುಚ್ಚಿಹೋಗುತ್ತವೆ. ಅದಕ್ಕೆ ‘ಒಳಜಗ್ಗು’ ಎಂದು ಸೂಚಿಸುತ್ತೇನೆ. ಪದ ಹೊಸದು, ಹಾಗಾಗಿ ಮೇಲಿನ ವಿವರಣೆಯ ಒಂದು ಸಾಲನ್ನು ಜೊತೆಗೆ ಕೊಡಲೇಬೇಕು.

ಅದೇ ಮಾಪಕದ ‘ರಿಸ್ಕ್ ಸ್ಕೋರ್’ ಅನ್ನು ‘ಅಪಾಯದ ಅಂಕ’ ಎಂದು ಮಾಡಬೇಡಿ. ಅಂಕ ಹೆಚ್ಚಿದ್ದರೆ ಅಪಾಯ ಹೆಚ್ಚು ಎಂದೇ ಯಾರಾದರೂ ತಿಳಿಯುತ್ತಾರೆ. ಇಲ್ಲಿ ಅದು ಉಲ್ಟಾ: ಐದು ಅಂಶಗಳಿಗೆ 1ರಿಂದ 4, ಕೊನೆಯದಕ್ಕೆ 1ರಿಂದ 3, ಒಟ್ಟು 6ರಿಂದ 23, ಸಾಮಾನ್ಯವಾಗಿ 18 ಅಥವಾ ಕೆಳಗಿದ್ದರೆ ಅಪಾಯವಿದೆ ಎಂದು ಎಣಿಕೆ. ‘ಬ್ರೇಡನ್ ಅಂಕ (ಕಡಿಮೆಯಾದಷ್ಟೂ ಅಪಾಯ ಹೆಚ್ಚು)’ ಎಂದಿರಲಿ.

‘ಹಂತ’ ಎಂಬ ಪದಕ್ಕೂ ಒಂದು ಎಚ್ಚರಿಕೆ. ಮೆಟ್ಟಿಲು ಹತ್ತಿದ್ದು ಇಳಿಯಲೂಬಹುದು ಎಂಬ ಭಾವನೆ ಅದರಲ್ಲಿದೆ. 4ನೇ ಹಂತದ ಗಾಯ ಮಾಯುತ್ತಾ ಬಂದರೂ 3 ಆಗುವುದಿಲ್ಲ, ಏಕೆಂದರೆ ಹೋದ ಸ್ನಾಯು, ಕೊಬ್ಬು ಮತ್ತೆ ಹುಟ್ಟುವುದಿಲ್ಲ. ಗುಳಿಯನ್ನು ತುಂಬುವುದು ಕಲೆಯ ಅಂಗಾಂಶ. ‘ಮಾಯುತ್ತಿರುವ 4ನೇ ಹಂತ’ ಎಂದೇ ಬರೆಯಬೇಕು.

ಕೊನೆಗೆ, ‘ಎಸ್ಕಾರ್’ಗೆ ‘ಹಕ್ಕಳೆ’ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಹಕ್ಕಳೆ ಎಂದರೆ ರಕ್ತ, ರಸಿಕೆ ಒಣಗಿ ಕಟ್ಟಿದ ಸಿಪ್ಪೆ. ಉಗುರಿಂದ ಕೀಳುವ ಅಭ್ಯಾಸ ಎಲ್ಲರಿಗೂ ಇದೆ. ಎಸ್ಕಾರ್ ಸತ್ತ ಅಂಗಾಂಶವೇ. ಹಿಮ್ಮಡಿಯ ಮೇಲೆ ಅದು ಒಣಗಿ, ಗಟ್ಟಿಯಾಗಿ ಅಂಟಿಕೊಂಡು, ಸುತ್ತ ಕೆಂಪಾಗಲಿ ಕೆಳಗೆ ಮೆತ್ತಗಾಗಲಿ ಇಲ್ಲದಿದ್ದರೆ ಕೀಳಬಾರದು, ನೆನೆಸಲೂಬಾರದು. ಗಾಯದ ಮಟ್ಟಿಗೆ ‘ಒಣಗಿರಲಿ’ ಎಂಬ ಮಾತಿಗೆ ಜಾಗ ಇರುವುದು ಇಂಥ ಕಡೆ. ‘ಸತ್ತ ಕರಿಪದರ’ ಎನ್ನಿ.